ಬಂಡೆ ಹತ್ತುವ ಗಾಡಿ, ಪಕ್ಕದಲ್ಲಿ ಎರಡು ನಾಯಿ

ನಾವಿರುವುದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ಇಲ್ಲಿ ವರ್ಷ ಅಂದರೆ ಎರಡೇ ಕಾಲ. ಹೊರಗೆ ಕಾಲಿಡಬಹುದಾದ ತಿಂಗಳುಗಳು, ಕಾಲಿಡಲಾಗದ ತಿಂಗಳುಗಳು. ಅಕ್ಟೋಬರ್ ಕಳೆದು ಬಿಸಿಲು ಇಳಿಯುತ್ತಿದ್ದ ಹಾಗೆ ನಮ್ಮ ಮನೆಯಲ್ಲಿ ಬ್ಯಾಟರಿಗಳು ಚಾರ್ಜರ್ ಹತ್ತುತ್ತವೆ, ನಾಯಿಗಳ ಸೊಂಟದ ಪಟ್ಟಿ ಗೂಟದಿಂದ ಕೆಳಗಿಳಿಯುತ್ತದೆ. ಶನಿವಾರ ಬೆಳಿಗ್ಗೆ ನಾನು, ನಮ್ಮ ನಾಯಿಗಳಾದ ಚುಕ್ಕಿ, ಗುಂಡ, ರಿಮೋಟ್‌ನಿಂದ ನಡೆಸುವ ಒಂದು ಪುಟ್ಟ ಗಾಡಿ ಬಂಡೆ ಹುಡುಕಿಕೊಂಡು ಹೊರಡುತ್ತೇವೆ. ನನ್ನವರು ಮನಸ್ಸಿದ್ದರೆ ಬರುತ್ತಾರೆ, ಇಲ್ಲದಿದ್ದರೆ ನಿದ್ದೆ ಮಾಡುತ್ತಾರೆ.

ಫೋನ್ ಮಾಡಿದಾಗೆಲ್ಲ ಊರಿನವರು ಕೇಳುವುದು ಒಂದೇ: ಅದೇನದು, ಮಕ್ಕಳ ರಿಮೋಟ್ ಕಾರಾ? ನೋಡುವುದಕ್ಕೆ ಹಾಗೇ ಇದೆ, ನಿಜ. ಆದರೆ ರಿಮೋಟ್ ಕಾರು ಅಂದರೆ ಸೊಂಯ್ ಅಂತ ಓಡುವ ಗಾಡಿ ನಿಮ್ಮ ಕಣ್ಣಮುಂದೆ ಬರುತ್ತದೆ ಅಲ್ವಾ? ನನ್ನದು ಬಂಡೆ ಹತ್ತುವ ಬಗೆ, ಕ್ರಾಲರ್ ಅನ್ನುತ್ತಾರೆ, ಅದು ಓಡುವುದೇ ಇಲ್ಲ. ಬಯಲಿನಲ್ಲಿ ನಮ್ಮ ನಡಿಗೆಯ ವೇಗ. ಬಂಡೆಯ ಮೇಲೆ ಅದೂ ಇಲ್ಲ, ಒಂದೊಂದೇ ಇಂಚು. ಕಡಿದಾದ ಕಲ್ಲು, ಬಿರುಕು, ಗುಂಡುಕಲ್ಲುಗಳ ಸಂದು, ಇವನ್ನು ಉರುಳದೆ ದಾಟಿಸುವುದೇ ಆಟ. ಇಷ್ಟು ನಿಧಾನ ಆಗಿರುವುದರಿಂದಲೇ ನನ್ನ ನಾಯಿಗಳಿಗೂ ಇದರಲ್ಲಿ ಜಾಗ ಸಿಕ್ಕಿತು. ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ಓಡುವ ರಿಮೋಟ್ ಗಾಡಿಗಳೂ ಇವೆ. ಅವುಗಳ ಹತ್ತಿರಕ್ಕೆ ನಾಯಿಯನ್ನು ನಾನಂತೂ ಬಿಡುವುದಿಲ್ಲ.

ನನ್ನ ಗಾಡಿ ಟ್ರಾಕ್ಸಸ್ ಕಂಪನಿಯ ಟಿಆರ್‌ಎಕ್ಸ್-4, 2017ರಲ್ಲಿ ಬಂದ ಮಾದರಿ. ನಿಜವಾದ ಜೀಪಿನ ಹತ್ತನೇ ಒಂದರ ಅಳತೆ, ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಇದರ ಆಕ್ಸಲ್ ನೇರ ಚಕ್ರದ ನಡುವಿಗೆ ಹೋಗುವುದಿಲ್ಲ. ಮೇಲೇ ನಿಂತು, ಅಲ್ಲಿಂದ ಪುಟ್ಟ ಗೇರುಗಳ ಮೂಲಕ ಚಕ್ರ ತಿರುಗಿಸುತ್ತದೆ. ಪೋರ್ಟಲ್ ಆಕ್ಸಲ್ ಅನ್ನುತ್ತಾರೆ. ಅದರಿಂದ ಡಿಫರೆನ್ಷಿಯಲ್, ಅಂದರೆ ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಗೇರು, ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಮುಂದಿನ ಹಿಂದಿನ ಡಿಫರೆನ್ಷಿಯಲ್ ಎರಡನ್ನೂ ರಿಮೋಟ್‌ನ ಸ್ವಿಚ್‌ನಿಂದಲೇ ಲಾಕ್ ಮಾಡಬಹುದು. ಆಗ ಒಂದು ಚಕ್ರ ಗಾಳಿಯಲ್ಲಿ ಎದ್ದು ನಿಂತರೂ ಅದರ ಜೋಡಿ ಚಕ್ರ ಬಂಡೆಯನ್ನು ಕಚ್ಚಿ ಗಾಡಿಯನ್ನು ಎಳೆಯುತ್ತದೆ. ಟೈರಿನೊಳಗೆ ಗಾಳಿ ಇಲ್ಲ, ಸ್ಪಂಜು ಇದೆ. ಅದು ಕಲ್ಲಿನ ಮೂಲೆಗೆ ಒತ್ತಿಕೊಂಡು ಬಾಗುವುದರಿಂದಲೇ ಹಿಡಿತ ಸಿಗುತ್ತದೆ.

ಭಾರದ ಲೆಕ್ಕ ಇನ್ನೂ ಸೊಗಸಾದದ್ದು. ಗಾಡಿ ಹಗುರ ಇದ್ದರೆ ಒಳ್ಳೆಯದು ಅಂತ ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ನಾವು ದುಡ್ಡು ಕೊಟ್ಟು ಹಿತ್ತಾಳೆ ತಂದು ಚಕ್ರದ ಹತ್ತಿರ, ಆದಷ್ಟು ಕೆಳಗೆ, ಹಿಂದಕ್ಕಿಂತ ಮುಂದೆ ಜಾಸ್ತಿ ಕೂರಿಸುತ್ತೇವೆ. ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ. ಮೂತಿ ಹಗುರ ಇದ್ದರೆ ಗಾಡಿ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಇನ್ನೊಂದು ಡ್ರ್ಯಾಗ್ ಬ್ರೇಕ್. ಥ್ರಾಟಲ್‌ನಿಂದ ಬೆರಳು ತೆಗೆದ ಕೂಡಲೇ ಮೋಟಾರೇ ಬಿಗಿಯಾಗಿ, ಗಾಡಿ ಇಳಿಜಾರಿನಲ್ಲಿ ಇದ್ದಲ್ಲೇ ನಿಲ್ಲುತ್ತದೆ. ಉಸಿರು ತೆಗೆದುಕೊಳ್ಳಲು, ಮುಂದಿನ ದಾರಿ ಯೋಚಿಸಲು, ನಾಯಿಗೆ ನೀರು ಕೊಡಲು ಸಮಯ ಸಿಗುವುದು ಇದರಿಂದ.

ಈಗ ನಾಯಿಗಳ ಕಥೆ. ಇಬ್ಬರೂ ಶೆಲ್ಟರ್‌ನಿಂದ ಬಂದವರು. ಇಲ್ಲಿ ಎಷ್ಟೋ ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಗಳಂಥವಕ್ಕೆ, ಅವುಗಳದೇ ಪ್ರಾಣಿ ಆಶ್ರಯ ಇರುತ್ತದೆ. ನಮ್ಮ ಮಾರಿಕೋಪಾ ಕೌಂಟಿಯದು ದೇಶದ ತುಂಬಾ ದೊಡ್ಡ ಶೆಲ್ಟರ್‌ಗಳಲ್ಲಿ ಒಂದು. ಸಾಲು ಸಾಲು ಗೂಡು, ಪ್ರತಿಯೊಂದರ ಮುಂದೆ ಒಂದು ಚೀಟಿ. ಚುಕ್ಕಿಯ ಚೀಟಿಯಲ್ಲಿ ಇದ್ದದ್ದು ಇಷ್ಟೇ: ದಾರಿಯಲ್ಲಿ ಸಿಕ್ಕಿದ್ದು, ಹೆಣ್ಣು, ವಯಸ್ಸು ಅಂದಾಜು ಎರಡು. ಮೈತುಂಬ ಬೂದು ಚುಕ್ಕೆ, ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್ ಬೆರಕೆ. ಎಲ್ಲ ನಾಯಿಗಳೂ ಬೊಗಳುತ್ತಿದ್ದಾಗ ಇವಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಗುಂಡನದು ಬೇರೆ. ವಯಸ್ಸಾದವನು, ಮೂತಿ ಬೆಳ್ಳಗಾಗಿದೆ, ಪಿಟ್‌ಬುಲ್ ಬೆರಕೆ. ಅವನ ಮನೆಯವರು ಬಾಡಿಗೆ ಮನೆ ಬದಲಿಸಬೇಕಾಯಿತು, ಹೊಸ ಅಪಾರ್ಟ್‌ಮೆಂಟ್‌ನಲ್ಲಿ ಆ ತಳಿಗೆ ಜಾಗ ಇರಲಿಲ್ಲ. ಇಲ್ಲಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ತಳಿಗಳ ಪಟ್ಟಿಯೇ ಇದೆ, ಅದರಲ್ಲಿದ್ದರೆ ಪ್ರವೇಶ ಇಲ್ಲ. ಉಳಿದ ನಾಯಿಗಳಿಗೂ ತಿಂಗಳ ಬಾಡಿಗೆ ಬೇರೆ. ಸೋಫಾದ ಮೇಲೆ ಮಲಗಿ ಬೆಳೆದ ನಾಯಿ ಒಂದು ಕಾಗದದ ಕಾರಣಕ್ಕೆ ಸಿಮೆಂಟ್ ನೆಲಕ್ಕೆ ಬರುತ್ತದೆ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಶೆಲ್ಟರ್‌ನವರು ಮನೆಗೆ ಕಳಿಸುವಾಗ ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಹೇಳುತ್ತಾರೆ. ಮೊದಲ ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ದಿನಚರಿ ಗೊತ್ತಾಗುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ಗುಂಡನಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಚುಕ್ಕಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬೇಕಾಯಿತು. ಪಾತ್ರೆ ಸದ್ದಿಗೆ ಮಂಚದ ಕೆಳಗೆ ಹೋಗುತ್ತಿದ್ದಳು. ಇಂಥ ನಾಯಿಯ ಎದುರು ಮೋಟಾರು, ಚಕ್ರ, ಚಕ್ರವನ್ನು ಎಡಕ್ಕೆ ಬಲಕ್ಕೆ ಹೊರಳಿಸುವಾಗ ಕಿರ್ರ್ ಅನ್ನುವ ಸರ್ವೋ ಇಟ್ಟುಕೊಂಡು ಆಡುವುದು ಹೇಗೆ? ಅದೂ ಅವಳದು ದನದ ಹಿಮ್ಮಡಿ ಕಚ್ಚಿ ಮಂದೆ ನಡೆಸಲು ಬೆಳೆಸಿದ ತಳಿ. ಹೆದರದಿದ್ದರೆ ಅಟ್ಟಿಸಿಕೊಂಡು ಹೋಗಬೇಕು ಅನ್ನುವುದು ರಕ್ತದಲ್ಲೇ ಇದೆ.

ನಾನು ಗಾಡಿಯನ್ನು ಹಾಲ್‌ನ ಒಂದು ಮೂಲೆಯಲ್ಲಿ ಇಟ್ಟೆ. ಬ್ಯಾಟರಿ ಇಲ್ಲ, ಸುಮ್ನೆ ಇಟ್ಟೆ. ಅದರ ಹತ್ತಿರ ಬಂದು ಮೂಸಿದರೆ ಒಂದು ತುಂಡು ಚಿಕನ್. ಅದು ಅಭ್ಯಾಸವಾದ ಮೇಲೆ ಗಾಡಿಯನ್ನು ಪಕ್ಕದ ಕೋಣೆಯಲ್ಲಿ ಆನ್ ಮಾಡಿ, ಸದ್ದು ಮಾತ್ರ ಕೇಳಿಸಿದೆ. ಆಮೇಲೆ ಕಣ್ಣೆದುರು, ದೂರದಲ್ಲಿ, ಒಂದು ಗೇಣು ಮುಂದೆ ಒಂದು ಗೇಣು ಹಿಂದೆ. ಅವಳ ಕಿವಿ ಹಿಂದಕ್ಕೆ ಮಡಚಿದರೆ ನಿಲ್ಲಿಸು, ಅವಳು ನನ್ನ ಮುಖ ನೋಡಿದರೆ ಚಿಕನ್. ವಾರಗಟ್ಟಲೆ ಇಷ್ಟೇ. ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ 45,000ದವರೆಗೂ ಕೇಳಿಸುತ್ತದೆ. ನಮಗೆ ಸಣ್ಣದಾಗಿ ಕೇಳುವ ಮೋಟಾರಿನ ಕೀಚಲು ಅವಳಿಗೆ ಎಷ್ಟಿರಬೇಕು! ಅದಕ್ಕೇ ಹಳೆಯ ಬ್ರಷ್ ಮೋಟಾರ್ ತೆಗೆದು ಎಫ್‌ಓಸಿ ಅನ್ನುವ ಬಗೆಯ ಬ್ರಷ್‌ಲೆಸ್ ಮೋಟಾರ್ ಹಾಕಿದೆ. ಅದಕ್ಕೆ ಕರೆಂಟು ನುಣುಪಾದ ಅಲೆಯಾಗಿ ಹೋಗುವುದರಿಂದ ಸದ್ದು ತುಂಬಾ ಕಡಿಮೆ, ತೀರಾ ನಿಧಾನ ವೇಗದಲ್ಲೂ ಹತೋಟಿ ಚೆನ್ನಾಗಿದೆ. ನಾಯಿಗಾಗಿ ಹಾಕಿದ್ದು, ಬಂಡೆಯ ಮೇಲೂ ಅದೇ ಒಳ್ಳೆಯದಾಯಿತು.

ನಮ್ಮ ನೆಚ್ಚಿನ ಜಾಗ ಪ್ರೆಸ್ಕಟ್ ಊರಿನ ಗ್ರಾನೈಟ್ ಡೆಲ್ಸ್. ಫೀನಿಕ್ಸ್‌ನಿಂದ ಉತ್ತರಕ್ಕೆ ಎರಡು ಗಂಟೆ ದಾರಿ, ಎತ್ತರದಲ್ಲಿರುವುದರಿಂದ ತಂಪು. ಸುಮಾರು 140 ಕೋಟಿ ವರ್ಷ ಹಳೆಯ ಗ್ರಾನೈಟ್ ಅದು. ಬಿರುಕುಗಳ ಗುಂಟ ಸವೆದೂ ಸವೆದೂ ಮೂಲೆಗಳೆಲ್ಲ ಉರುಟಾಗಿ, ಗುಂಡುಕಲ್ಲು ಒಂದರ ಮೇಲೊಂದು ಪೇರಿಸಿದಂತೆ ನಿಂತಿವೆ. ನೆತ್ತಿಯ ಮೇಲೆ ಬಿಸಿಲು, ಸಂದಿನಲ್ಲಿ ನೆರಳು, ಕೆಳಗೆ ವಾಟ್ಸನ್ ಕೆರೆಯ ನೀಲಿ ನೀರು. ನಾಯಿಗಳಿಗೆ ಹಗ್ಗ ಕಡ್ಡಾಯ. ಚುಕ್ಕಿಯ ಹಗ್ಗ ನನ್ನ ಸೊಂಟದ ಬೆಲ್ಟಿಗೆ, ಎರಡು ಕೈ ರಿಮೋಟ್‌ಗೆ.

ಅಲ್ಲೊಂದು ಬಿರುಕಿದೆ, ಇಂಗ್ಲಿಷಿನ ವಿ ಅಕ್ಷರದ ಹಾಗೆ. ಎಡ ಚಕ್ರಗಳು ಒಂದು ಗೋಡೆಯ ಮೇಲೆ, ಬಲ ಚಕ್ರಗಳು ಇನ್ನೊಂದರ ಮೇಲೆ, ಗಾಡಿಯ ಹೊಟ್ಟೆಯ ಕೆಳಗೆ ಬರೀ ಗಾಳಿ. ನಡುವೆ ಬಲಗೋಡೆಯಲ್ಲಿ ಒಂದು ಉಬ್ಬು. ಮುಂದಿನ ಟೈರು ಅದನ್ನು ತಾಕಿ ನಿಲ್ಲುತ್ತದೆ. ಥ್ರಾಟಲ್ ಒತ್ತಿದರೆ ಟೈರು ಸುಮ್ನೆ ತಿರುಗುತ್ತದೆ, ಗಾಡಿ ಬಿರುಕಿನೊಳಗೆ ಜಾರುತ್ತದೆ. ಮಾಡಬೇಕಾದದ್ದು ಬೇರೆ. ಎರಡು ಬೆರಳಷ್ಟು ಹಿಂದಕ್ಕೆ ತಂದು, ಚಕ್ರವನ್ನು ಎಡಕ್ಕೆ ತಿರುಗಿಸಿ, ಟೈರಿನ ಪಕ್ಕೆ ಉಬ್ಬಿಗೆ ಒತ್ತುವ ಹಾಗೆ ಕೂರಿಸಬೇಕು. ಆಮೇಲೆ ಒಂದೇ ಸಮನೆ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಒತ್ತುತ್ತಾ ಹೋಗಬೇಕು. ಸ್ಪಂಜು ಅಮುಕಿ, ರಬ್ಬರಿನ ಹಲ್ಲು ಗ್ರಾನೈಟಿನ ಕಣಕ್ಕೆ ಸಿಕ್ಕಿ, ಮೂತಿ ಮೆಲ್ಲಗೆ ಏಳುತ್ತದೆ. ಹಿಂದಿನ ಟೈರು ಜಾರುವುದಕ್ಕೆ ಒಂದು ಕ್ಷಣ ಮೊದಲು ಮೋಟಾರಿನ ದನಿ ಬದಲಾಗುತ್ತದೆ. ಅದು ನನಗೆ ಗೊತ್ತಾಗುವ ಮೊದಲೇ ಚುಕ್ಕಿಯ ತಲೆ ಮೇಲೇಳುತ್ತದೆ, ಸೊಂಟದ ಹಗ್ಗ ಸ್ವಲ್ಪ ಬಿಗಿಯುತ್ತದೆ. ನಾನು ಬೆರಳು ತೆಗೆಯುತ್ತೇನೆ. ಈಗೀಗ ಕಷ್ಟದ ಜಾಗದಲ್ಲಿ ನಾನು ಗಾಡಿಯಷ್ಟೇ ಆ ಹಗ್ಗವನ್ನೂ ಗಮನಿಸುತ್ತೇನೆ. ಪಾತ್ರೆ ಸದ್ದಿಗೆ ಓಡುತ್ತಿದ್ದ ನಾಯಿ ಮೋಟಾರಿಗೆ ಕಿವಿಗೊಟ್ಟು ಪಕ್ಕದಲ್ಲಿ ಕೂರುತ್ತದೆ ಅನ್ನುವುದು ನನಗೆ ಯಾವ ಬಂಡೆ ಹತ್ತಿದ್ದಕ್ಕಿಂತಲೂ ದೊಡ್ಡ ಸಂತೋಷ. ಗುಂಡ ಇದ್ಯಾವುದನ್ನೂ ನೋಡುವುದಿಲ್ಲ. ನೆರಳು ಸಿಕ್ಕಿದರೆ ಮಲಗುತ್ತಾನೆ.

ಮರುಭೂಮಿಯಲ್ಲಿ ಒಂದು ಬಾಚಣಿಗೆ ಜೇಬಿನಲ್ಲಿ ಇರಲೇಬೇಕು. ಫೀನಿಕ್ಸ್ ಸುತ್ತ ಚೋಯಾ ಅನ್ನುವ ಕಳ್ಳಿ ಜಾಸ್ತಿ. ಅದರ ತುಂಡುಗಳು ಕೆಳಗೆ ಬಿದ್ದಿರುತ್ತವೆ, ತಾಗಿದರೆ ಸಾಕು ಅಂಟಿಕೊಳ್ಳುತ್ತವೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖವಾದ ಸಣ್ಣ ಕೊಕ್ಕೆಗಳಿವೆ, ಕೈಯಿಂದ ಎಳೆದರೆ ಕೈಗೇ ಹತ್ತುತ್ತದೆ. ನಾಯಿ ಬಾಯಿಂದ ಕೀಳಲು ಹೋದರೆ ನಾಲಿಗೆಗೆ. ಅದಕ್ಕೇ, ಮೊದಲು ನಾಯಿಯ ತಲೆ ಹಿಡಿದುಕೊಂಡು, ಬಾಚಣಿಗೆಯ ಹಲ್ಲನ್ನು ತುಂಡಿನ ಕೆಳಗೆ ತೂರಿಸಿ ಒಂದೇ ಏಟಿಗೆ ಎಗರಿಸಬೇಕು. ಉಳಿದ ಬಿಡಿ ಮುಳ್ಳುಗಳಿಗೆ ಚಿಮಟ. ಬೆರಳ ಸಂದು ನೋಡದೆ ಮನೆಗೆ ಹೊರಡಬಾರದು.

ಇನ್ನೊಂದು ವಿಷಯ ಇಲ್ಲಿ ಹೊಸದಾಗಿ ನಾಯಿ ಸಾಕುವವರಿಗೆ ಗೊತ್ತಿರುವುದಿಲ್ಲ. ಅರಿಜೋನಾದ ಮಣ್ಣಿನಲ್ಲಿ ಒಂದು ಶಿಲೀಂಧ್ರ ಇದೆ, ಅದರ ಬೀಜಕಣ ಧೂಳಿನ ಜೊತೆ ಮೂಗಿಗೆ ಹೋದರೆ ವ್ಯಾಲಿ ಫೀವರ್ ಅನ್ನುವ ಶ್ವಾಸಕೋಶದ ಸೋಂಕು ಬರಬಹುದು. ಮನುಷ್ಯರಿಗೂ ಬರುತ್ತದೆ, ಮೂತಿ ನೆಲಕ್ಕಿಟ್ಟು ಮೂಸುವ ನಾಯಿಗೆ ಇನ್ನೂ ಸುಲಭವಾಗಿ ಬರುತ್ತದೆ. ಗುಂಡನಿಗೆ ಬಂತು. ಒಣಕೆಮ್ಮು, ಊಟ ಬೇಡ, ಆಮೇಲೆ ಕುಂಟು. ರಕ್ತ ಪರೀಕ್ಷೆ ಮಾಡಿಸಿ ಫ್ಲುಕೊನಜೋಲ್ ಮಾತ್ರೆ ಶುರು ಮಾಡಿದೆವು, ತಿಂಗಳುಗಟ್ಟಲೆ ಕೊಡಬೇಕಾಯಿತು. ಈಗ ಆರಾಮಾಗಿದ್ದಾನೆ. ಅಂದಿನಿಂದ ಗಾಳಿ ಎದ್ದ ದಿನ ನಾವು ಹೋಗುವುದಿಲ್ಲ, ಮಣ್ಣು ಕೆದಕಲು ಬಿಡುವುದಿಲ್ಲ, ಗಟ್ಟಿ ಬಂಡೆ ಇರುವ ಜಾಗವನ್ನೇ ಹುಡುಕುತ್ತೇವೆ.

ಬಿಸಿಲಿನ ಮಾತಂತೂ ಹೇಳಲೇಬೇಕು. 2023ರಲ್ಲಿ ಫೀನಿಕ್ಸ್‌ನ ಗರಿಷ್ಠ ಉಷ್ಣಾಂಶ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದರೆ 43 ಸೆಲ್ಸಿಯಸ್. 2016ರಿಂದ ನಗರದಲ್ಲಿ ಒಂದು ನಿಯಮ ಇದೆ: 100 ಡಿಗ್ರಿ, ಅಂದರೆ ಸುಮಾರು 38 ಸೆಲ್ಸಿಯಸ್ ಮುಟ್ಟಿದರೆ ಬೆಟ್ಟದ ದಾರಿಗಳಿಗೆ ನಾಯಿ ತರುವಂತಿಲ್ಲ. ತುಂಬಾ ಒಳ್ಳೆಯ ನಿಯಮ. ನಮ್ಮ ಗಾಡಿಯ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೂ ಬಿಸಿ ಒಗ್ಗುವುದಿಲ್ಲ, ನಿಂತ ಕಾರಿನೊಳಗೆ ಬಿಟ್ಟರೆ ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು. ಬೇಸಿಗೆ ಪೂರ್ತಿ ಅವುಗಳನ್ನು ಸೆಲ್‌ಗೆ 3.8 ವೋಲ್ಟ್‌ಗೆ ತಂದು ಮನೆಯೊಳಗೆ ಇಡುತ್ತೇನೆ.

ದೊಡ್ಡ ರಜೆ ಸಿಕ್ಕಿದರೆ ಯೂಟಾ ರಾಜ್ಯದ ಮೋಆಬ್. ಅಲ್ಲಿನ ಮರಳುಗಲ್ಲು ಕಣ್ಣಿಗೆ ನುಣ್ಣಗೆ ಕಂಡರೂ ರಬ್ಬರಿಗೆ ಉಜ್ಜುಕಾಗದದ ಹಾಗೆ, ಟೈರು ಬಿಡುವುದೇ ಇಲ್ಲ. ನಾಯಿ ಇದ್ದವರಿಗೆ ಒಂದು ತೊಡಕು: ಪಕ್ಕದ ಆರ್ಚಸ್ ರಾಷ್ಟ್ರೀಯ ಉದ್ಯಾನದ ಕಾಲುದಾರಿಗಳಿಗೆ ನಾಯಿಯನ್ನು ಬಿಡುವುದಿಲ್ಲ. ಸುತ್ತ ಕೇಂದ್ರ ಸರ್ಕಾರದ ಬಿಎಲ್ಎಂ ಇಲಾಖೆಯ ಬಯಲು ಬೇಕಾದಷ್ಟಿದೆ, ನಾವು ಅಲ್ಲಿಗೇ ಹೋಗುತ್ತೇವೆ. ಬಂಡೆಗಳ ನಡುವೆ ಕಪ್ಪಗೆ ಹೆಪ್ಪುಗಟ್ಟಿದಂಥ ಮಣ್ಣು ಕಂಡರೆ ಅದು ಜೀವ ಇರುವ ಪದರ, ಬೆಳೆಯಲು ಹತ್ತಾರು ವರ್ಷ ಹಿಡಿಯುತ್ತದೆ. ಗಾಡಿಯೂ ನಾಯಿಯೂ ನಾವೂ ಅದನ್ನು ತುಳಿಯಬಾರದು.

ಈ ಹವ್ಯಾಸದಿಂದ ಸಿಕ್ಕ ಜನರೂ ಒಳ್ಳೆಯವರು. ನಿವೃತ್ತ ಮೆಕ್ಯಾನಿಕ್, ನರ್ಸ್, ಕಾಲೇಜು ಹುಡುಗರು. ಸ್ಪರ್ಧೆಯೂ ನಡೆಯುತ್ತದೆ. ಬಂಡೆಯ ಮೇಲೆ ಎರಡೆರಡು ಕಡ್ಡಿ ನಿಲ್ಲಿಸಿ ಬಾಗಿಲು ಮಾಡಿರುತ್ತಾರೆ, ರಿವರ್ಸ್ ತೆಗೆದುಕೊಂಡರೆ, ಕಡ್ಡಿ ತಾಗಿದರೆ ಅಂಕ ಏರುತ್ತದೆ, ಕಡಿಮೆ ಅಂಕದವರು ಗೆಲ್ಲುತ್ತಾರೆ. ನನಗೆ ಅದಕ್ಕಿಂತ ಸುಮ್ನೆ ಗುಂಪಾಗಿ ಹೋಗುವುದು ಇಷ್ಟ. ಯಾರದೋ ಗಾಡಿಯ ಸ್ಕ್ರೂ ಬಿದ್ದರೆ ಹತ್ತು ಜನ ನೆಲ ಹುಡುಕುತ್ತಾರೆ.

ಇದನ್ನು ಓದಿ ಇಲ್ಲಿರುವ ನಮ್ಮವರು ಯಾರಾದರೂ ನಾಯಿ ತರಬೇಕು ಅಂದುಕೊಂಡರೆ ದಯವಿಟ್ಟು ವೀಸಾ ನೆನಪಿಟ್ಟುಕೊಳ್ಳಿ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇದ್ದು ಕೆಲಸ ಹೋದರೆ ಇಲ್ಲಿರಲು ಸಿಗುವುದು ಹೆಚ್ಚೆಂದರೆ 60 ದಿನ. ಆ ಗಡಿಬಿಡಿಯಲ್ಲಿ ನಾಯಿ ಮತ್ತೆ ಶೆಲ್ಟರ್ ಪಾಲಾಗಬಾರದು. ಭಾರತಕ್ಕೆ ಕರೆದುಕೊಂಡು ಹೋಗಲು ದಾರಿ ಇದೆ: ಮೈಕ್ರೋಚಿಪ್, ರೇಬೀಸ್ ಲಸಿಕೆಯ ದಾಖಲೆ, ಆರೋಗ್ಯ ಪತ್ರ, ಭಾರತದ ಪ್ರಾಣಿ ಕ್ವಾರಂಟೈನ್ ಇಲಾಖೆಯ ಎನ್‌ಓಸಿ. ನಮ್ಮ ಎರಡೂ ನಾಯಿಗಳ ಕಾಗದವನ್ನು ನಾನು ಪ್ರತಿ ವರ್ಷ ಹೊಸದು ಮಾಡಿಸಿ ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟಿರುತ್ತೇನೆ. ನಾವೆಲ್ಲಿಗೆ ಹೋದರೂ ನಾಲ್ಕು ಜನ ಹೋಗುವುದು, ಅದು ಮಾತಾಡಿ ಮುಗಿದ ವಿಷಯ.

ಗಾಡಿಗೆ ಮಾತ್ರ ಅಷ್ಟು ಯೋಚನೆ ಬೇಡ. ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್24 ಅಂತ ಅಂಗೈ ಉದ್ದಕ್ಕಿಂತ ಸ್ವಲ್ಪ ದೊಡ್ಡದೊಂದಿದೆ, ಪುಸ್ತಕ, ದಿಂಬು, ಚಪ್ಪಲಿ ಎಲ್ಲವೂ ಅದಕ್ಕೆ ಬೆಟ್ಟವೇ. ನನ್ನ ಹತ್ತಿರವೂ ಒಂದಿದೆ, ಬೇಸಿಗೆಯಲ್ಲಿ ಎಸಿ ಹಾಕಿಕೊಂಡು ಹಾಲ್‌ನಲ್ಲೇ ಆಡುತ್ತೇನೆ. ಫೀನಿಕ್ಸ್ ಕಡೆ ಬರುವುದಿದ್ದರೆ ಮೊದಲೇ ತಿಳಿಸಿ, ನವೆಂಬರ್‌ನಿಂದ ಮಾರ್ಚ್ ಒಳಗೆ ಬನ್ನಿ. ಗಟ್ಟಿ ಬೂಟು ಹಾಕಿಕೊಂಡು ಬಂದರೆ ಸಾಕು, ರಿಮೋಟ್ ನಿಮ್ಮ ಕೈಗೇ ಕೊಡುತ್ತೇನೆ.