ಭಾವ, ಮಗನ ಬಿಇ ಡಿಗ್ರಿ ಹೊರದೇಶದಲ್ಲಿ ನಡೆಯುತ್ತದಲ್ಲಾ?

ಮದುವೆ ಊಟದ ಪಂಕ್ತಿಯಲ್ಲಿ ಕೂತರೆ ಮೇಲಾರ ಬರುವುದರೊಳಗೆ ಪಕ್ಕದ ಎಲೆಯಿಂದ ಪ್ರಶ್ನೆ ಬಂದಾಯಿತು: "ಭಾವ, ಮಗನ ಬಿಇ ಡಿಗ್ರಿ ಹೊರದೇಶದಲ್ಲಿ ನಡೆಯುತ್ತದಲ್ಲಾ, ಒಪ್ಪುತ್ತಾರಲ್ಲಾ? ಕಾಲೇಜಿಗೆ ನ್ಯಾಕ್ ಎ ಪ್ಲಸ್ ಉಂಟು." ಹನ್ನೊಂದು ವರ್ಷ ಗಲ್ಫಿನಲ್ಲಿ ಸಿವಿಲ್ ಕೆಲಸ ಮಾಡಿ ಊರಾದ ನೀರ್ಚಾಲಿಗೆ ಬಂದು ತೋಟ ನೋಡಿಕೊಂಡಿರುವ ನನ್ನನ್ನು ಬಿಟ್ಟು ಇನ್ಯಾರನ್ನು ಕೇಳುವುದು, ಅದು ಸರಿಯೇ. ಆದರೆ ಈ ಉತ್ತರ ಪಾಯಸ ಬರುವುದರೊಳಗೆ ಮುಗಿಯುವುದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನ್ಯಾಕ್ ವಿಷಯ ಬಿಡಿ. ಅದು ಇಡೀ ಕಾಲೇಜಿಗೆ ಕೊಡುವ ದರ್ಜೆ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಒಪ್ಪಿಗೆ ಎಂದರೆ ಕೋರ್ಸ್ ನಡೆಸಲು ಪರವಾನಗಿ, ಅಷ್ಟೇ. ಹೊರಗಿನವರು ಕೇಳುವುದು ಎನ್‌ಬಿಎ ಮಾನ್ಯತೆ, ಅಂದರೆ ನ್ಯಾಷನಲ್ ಬೋರ್ಡ್ ಆಫ್ ಅಕ್ರೆಡಿಟೇಷನ್‌ನದ್ದು. ಅದು ಸಿಗುವುದು ಕಾಲೇಜಿಗಲ್ಲ, ಬ್ರಾಂಚಿಗೆ. ಒಂದೇ ಕಟ್ಟಡದಲ್ಲಿ ಕೆಳಗಿನ ಮಹಡಿಯ ಮೆಕ್ಯಾನಿಕಲ್‌ಗೆ ಇದ್ದು ಮೇಲಿನ ಮಹಡಿಯ ಕಂಪ್ಯೂಟರ್ ಸೈನ್ಸಿಗೆ ಇಲ್ಲದೆ ಇರಬಹುದು. ಅದಕ್ಕೆ ಅವಧಿಯೂ ಉಂಟು, ಸಾಮಾನ್ಯವಾಗಿ ಮೂರು ವರ್ಷ ಅಥವಾ ಆರು ವರ್ಷ. ಪರಿಶೀಲನೆಗೆ ತಂಡ ಬರುತ್ತದೆ. ತಮ್ಮ ಕಾಲೇಜಿಗೆ ತಂಡ ಬಂದ ವಾರ ಕುಡಿಯುವ ನೀರಿನ ಕೂಲರ್ ಕೂಡ ಸರಿಯಾಗಿತ್ತು ಎಂದು ನನ್ನ ತಂಗಿಯ ಮಗಳು ಈಗಲೂ ನಗುತ್ತಾಳೆ.

ಇನ್ನು ವಾಷಿಂಗ್ಟನ್ ಅಕಾರ್ಡ್. 1989ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಮಾನ್ಯತಾ ಸಂಸ್ಥೆಗಳು ಸೇರಿ ಮಾಡಿಕೊಂಡ ಒಪ್ಪಂದ ಅದು. ನೀವು ಪರೀಕ್ಷಿಸಿ ಒಪ್ಪಿದ ಇಂಜಿನಿಯರಿಂಗ್ ಪದವಿಯನ್ನು ನಮ್ಮದಕ್ಕೆ ಸಮ ಎಂದು ನಾವೂ ಒಪ್ಪುತ್ತೇವೆ ಎಂಬುದು ಅದರ ತಿರುಳು. ಭಾರತದ ಪರವಾಗಿ ಎನ್‌ಬಿಎ ಪೂರ್ಣ ಸದಸ್ಯನಾದದ್ದು 2014ರ ಜೂನ್‌ನಲ್ಲಿ. ನಮ್ಮವರು ಎಡವುವುದು ಇಲ್ಲಿಯೇ. ಎನ್‌ಬಿಎಯಲ್ಲಿ ಟಯರ್ 1, ಟಯರ್ 2 ಎಂದು ಎರಡು ಉಂಟು. ವಿಶ್ವವಿದ್ಯಾಲಯ ಮತ್ತು ಅಟಾನಮಸ್ ಕಾಲೇಜುಗಳದ್ದು ಟಯರ್ 1, ಸಿಲೆಬಸ್ಸೂ ಪರೀಕ್ಷೆಯೂ ಯೂನಿವರ್ಸಿಟಿಯದ್ದೇ ಆಗಿರುವ ಮಾಮೂಲಿ ಕಾಲೇಜುಗಳದ್ದು ಟಯರ್ 2. ಅಕಾರ್ಡಿನ ಲಾಭ ಟಯರ್ 1ಕ್ಕೆ ಮಾತ್ರ.

ಕಳೆದ ತಿಂಗಳು ಅಕ್ಕನ ಮಗ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಎನ್‌ಬಿಎ ಪಟ್ಟಿ ತೆಗೆದ. ತಲಪಾಡಿ ಗಡಿ ದಾಟಿ ದಿನಾ ಮಂಗಳೂರಿನ ಕಡೆ ಹೋಗಿ ಓದಿದವನು. ಕಾಲೇಜಿನ ಹೆಸರು ಕಂಡದ್ದೇ "ಉಂಟು ಮಾವ!" ಎಂದು ಕುಣಿದ. ಸಾಲನ್ನು ಪೂರ್ತಿ ಓದು ಅಂದೆ. ಬ್ರಾಂಚ್ ಅವನದ್ದೇ, ಟಯರ್ 2. ಅವಧಿ ಮುಗಿದದ್ದು ಅವನು ಪಾಸಾಗುವುದಕ್ಕಿಂತ ಒಂದು ವರ್ಷ ಮೊದಲು. ಅವನ ಮುಖ ನೋಡಿ ಅಕ್ಕ ಮಜ್ಜಿಗೆ ತಂದಿಟ್ಟಳು.

ಟಯರ್ 2 ಆದರೆ ಪ್ರಯೋಜನವೇ ಇಲ್ಲವೆಂದಲ್ಲ. 2018ರಲ್ಲಿ ಕುವೈತಿನಲ್ಲಿ ಇಂಜಿನಿಯರುಗಳ ಇಕಾಮ, ಅಂದರೆ ವಾಸದ ಪರವಾನಗಿಯ ನವೀಕರಣಕ್ಕೆ ಅಲ್ಲಿನ ಇಂಜಿನಿಯರುಗಳ ಸೊಸೈಟಿಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಕಡ್ಡಾಯವಾದಾಗ ಭಾರತದ ಪದವಿಗಳಿಗೆ ನೋಡಿದ್ದು ಎನ್‌ಬಿಎ ಪಟ್ಟಿಯನ್ನೇ. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದಕ್ಕೂ ಮುಂಚೆ ಓದಿದವರು ಏನು ತೋರಿಸಬೇಕು? ಐಐಟಿಯಲ್ಲಿ ಓದಿದವರೂ ಸಿಕ್ಕಿಬಿದ್ದರು. ನನ್ನ ದೊಡ್ಡಪ್ಪನ ಮಗ ಇಪ್ಪತ್ತು ವರ್ಷ ಸೈಟು ನಡೆಸಿದವನು, ಕಾರ್ಡಿನಲ್ಲಿ ಸೂಪರ್‌ವೈಸರ್ ಎಂದು ಬದಲಿಸಿಕೊಂಡು ಉಳಿದ. ಕೆಲಸ ಅದೇ, ಬೈಗುಳವೂ ಅದೇ.

"ಅಟೆಸ್ಟೇಷನ್ ಎಲ್ಲ ಆಗಿದೆಯಲ್ಲ" ಎನ್ನುವವರಿಗೂ ಒಂದು ಮಾತು. ಸರ್ಟಿಫಿಕೇಟಿನ ಹಿಂದೆ ಬಿದ್ದ ಮೊಹರುಗಳು ಹೇಳುವುದು ಅದು ಕಳ್ಳ ಸರ್ಟಿಫಿಕೇಟ್ ಅಲ್ಲ ಎಂದು ಮಾತ್ರ. ಓದಿನ ತೂಕ ಅವು ಹೇಳುವುದಿಲ್ಲ.

ಮತ್ತೆ, ಅಕಾರ್ಡ್ ಇದ್ದ ಮಾತ್ರಕ್ಕೆ ಇಂಜಿನಿಯರ್ ಕೆಲಸದ ಲೈಸನ್ಸ್ ಕೈಗೆ ಬರುವುದಿಲ್ಲ. ವಕೀಲರಿಗೆ 1961ರ ಕಾಯ್ದೆ, ಆರ್ಕಿಟೆಕ್ಟರಿಗೆ 1972ರ ಕಾಯ್ದೆ ಉಂಟು. ಇಂಜಿನಿಯರಿಗೆ ಅಂಥ ಕಾಯ್ದೆಯ ನೋಂದಣಿಯನ್ನು ನಾವು ಊರಲ್ಲಿ ಕಂಡೇ ಇಲ್ಲ. ಹಾಗಾಗಿ ನಮಗೆ ಡಿಗ್ರಿಯೇ ಕೊನೆಯ ಮೆಟ್ಟಿಲು. ಅಲ್ಲಿ ಹಾಗಲ್ಲ. ಕೆನಡಾದಲ್ಲಿ ಪ್ರಾಂತಕ್ಕೊಂದು ನಿಯಂತ್ರಣ ಸಂಸ್ಥೆ, ಅಮೆರಿಕದಲ್ಲಿ ರಾಜ್ಯಕ್ಕೊಂದು ಬೋರ್ಡು, ಮೇಲೆ ಪರೀಕ್ಷೆ, ಅನುಭವದ ಲೆಕ್ಕ. ಅಕಾರ್ಡ್ ಓದಿನ ಬಾಗಿಲನ್ನು ಮಾತ್ರ ದಾಟಿಸುತ್ತದೆ. ಅದಿಲ್ಲದವರಿಗೂ ದಾರಿ ಉಂಟು, ಸುತ್ತು ಹೆಚ್ಚು. ವಲಸೆಗಾಗಿ ಎಂಜಿನಿಯರ್ಸ್ ಆಸ್ಟ್ರೇಲಿಯಾದಿಂದ ಅರ್ಹತೆ ನಿರ್ಣಯಿಸಿಕೊಳ್ಳುವವರು ತಾವು ಮಾಡಿದ ಕೆಲಸದ ಮೂರು ಪ್ರಸಂಗಗಳನ್ನು ಸ್ವಂತ ಮಾತಿನಲ್ಲಿ ಬರೆದುಕೊಡಬೇಕು. ಅಕ್ಕನ ಮಗನಿಗೆ ಅದನ್ನೇ ಹೇಳಿದ್ದೇನೆ: ಈಗಿನಿಂದಲೇ ಸೈಟಿನ ಡೈರಿ ಬರೆ.

ಇನ್ನೊಂದು, ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಒಂದು ಮೌಲ್ಯಮಾಪನಕ್ಕೆ ಎಂಟೂ ಸೆಮಿಸ್ಟರಿನ ಸಿಲೆಬಸ್ ಕೇಳಿದರು. ರಜೆ ಹಾಕಿ ಬಂದು ಕಾಲೇಜಿಗೆ ಹೋದರೆ, "ಹಳೇ ಸ್ಕೀಮಿನದ್ದಾ? ಗುಜರಿಗೆ ಹೋಯಿತು" ಎಂದರು. ಕೊನೆಗೆ ಬದಿಯಡ್ಕದ ಒಬ್ಬ ಜೂನಿಯರನ ಮನೆಯ ಅಟ್ಟದಲ್ಲಿ ಪುಸ್ತಕ ಸಿಕ್ಕಿತು. ಐದನೇ ಸೆಮಿಸ್ಟರನ್ನು ಒರಲೆ ತಿಂದಿತ್ತು. ಕಾಲೇಜು ಬಿಡುವ ಮೊದಲೇ ಸಿಲೆಬಸ್ಸಿಗೆ ಪ್ರಿನ್ಸಿಪಾಲರ ಸೀಲು ಹಾಕಿಸಿಕೊಳ್ಳಿ. ಇಡುವುದು ಕಬ್ಬಿಣದ ಕಪಾಟಿನಲ್ಲಿ, ಅಟ್ಟದಲ್ಲಿ ಬೇಡ.