ಜಿಗಿಹುಳು ತಡೆಯುವ ಸಣ್ಣಕ್ಕಿ: ಎರಡನೇ ತಲೆಮಾರು ಗದ್ದೆಗೆ ಇಳಿಯಿತು

ಟ್ರೇ ಪರೀಕ್ಷೆ ಮುಗಿಯಿತು. ಭತ್ತದ ರಸ ಹೀರುವ ಕಂದು ಜಿಗಿಹುಳುವಿನ ಬಾಯಿಂದ ಉಳಿದುಕೊಂಡ ಸಸಿಗಳು ಈಗ ಕೊಡಗಿನ ನಮ್ಮ ಮನೆ ಕೆಳಗಿನ ಗದ್ದೆಯಲ್ಲಿ ಬೇರು ಹಿಡಿದಿವೆ. ಕಕ್ಕಡ ತಿಂಗಳ (ಆಟಿಯ) ಮಳೆ ಬಿಡುವ ಲಕ್ಷಣ ಇಲ್ಲ, ಹಾಗಾಗಿ ಕೂತು ಬರೆಯೋಕೆ ಪುರುಸೊತ್ತು ಸಿಕ್ಕಿದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಎರಡು ಭತ್ತದ ತಳಿಗಳನ್ನು ಕ್ರಾಸ್ ಮಾಡಿ ಜಿಗಿಹುಳು ತಡೆಯುವ ಸಣ್ಣಕ್ಕಿ ಪಡೆಯುವ ಪ್ರಯತ್ನ ಇದು. ತಾಯಿ ಗಿಡ ನಮ್ಮ ಮನೆಯ ಘಮದ ಭತ್ತ ಸಣ್ಣಕ್ಕಿ. ತಂದೆ ಗಿಡ ಪಿಟಿಬಿ 33. ಇದು ಕೇರಳದ ಪಟ್ಟಾಂಬಿ ಭತ್ತ ಸಂಶೋಧನಾ ಕೇಂದ್ರದಲ್ಲಿ ಹಳೆಯ ನಾಡತಳಿಯಿಂದ ಆರಿಸಿದ್ದು. ಆ ಕೇಂದ್ರ ಶುರುವಾಗಿದ್ದು 1927ರಲ್ಲಿ. ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲೂ ಜಿಗಿಹುಳು ಪರೀಕ್ಷೆ ಮಾಡುವಾಗ 'ತಡೆಯುವ ತಳಿ ಅಂದರೆ ಹೀಗಿರಬೇಕು' ಅಂತ ಪಕ್ಕದಲ್ಲಿ ಬಿತ್ತುವುದು ಇದನ್ನೇ. ನಮ್ಮ ಗಡಿಯಾಚೆಗಿನ ಊರಿನ ಭತ್ತ ಇದು ಅನ್ನೋದೇ ನನಗೆ ದೊಡ್ಡ ಖುಷಿ.

ಸಣ್ಣಕ್ಕಿಗೆ ಈ ಗುಣ ಯಾಕೆ ಬೇಕು? ನಮ್ಮಲ್ಲಿ ಮಳೆಗಾಲದ ಚಳಿಗೆ ಜಿಗಿಹುಳು ಅಷ್ಟಾಗಿ ಏಳುವುದಿಲ್ಲ. ಮಳೆ ಕಡಿಮೆಯಾಗಿ ಬಿಸಿಲು ಕಂಡ ಮೇಲೆ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ತೆನೆ ಹೊರಡುವ ಹೊತ್ತಿಗೆ ಬರುತ್ತದೆ. ಮೇಲಿನಿಂದ ನೋಡಿದರೆ ಗದ್ದೆ ಹಸಿರಾಗೇ ಇರುತ್ತದೆ. ಬುಡವನ್ನು ಕೈಯಿಂದ ಬಿಡಿಸಿ ನೋಡಬೇಕು. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ತೆಂಡೆಗಳ ಸಂದಿಯಲ್ಲಿ ಸಾಲಾಗಿ ಕೂತು ರಸ ಹೀರುತ್ತಿರುತ್ತವೆ. ಆಮೇಲೆ ಒಂದು ದಿನ ಗದ್ದೆ ನಡುವೆ ಗುಂಡಗೆ ಸುಟ್ಟ ಹಾಗೆ ಕಾಣುತ್ತದೆ. ಯೂರಿಯಾ ಜಾಸ್ತಿ ಬಿದ್ದ ಕಡೆ ಇನ್ನೂ ಬೇಗ. ಔಷಧಿ ಹೊಡೆದರೆ ಅದು ಎಲೆ ಮೇಲೆ ಬೀಳುತ್ತದೆಯೇ ಹೊರತು ಬುಡಕ್ಕೆ ಇಳಿಯುವುದು ಕಡಿಮೆ. ಜೊತೆಗೆ ಜೇಡಗಳೂ ಹುಳುವಿನ ಮೊಟ್ಟೆ ತಿನ್ನುವ ಮಿರಿಡ್ ತಿಗಣೆಗಳೂ ಸಾಯುತ್ತವೆ. ಕೆಲವು ಔಷಧಿಗಳ ನಂತರ ಹುಳು ಮೊದಲಿಗಿಂತ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ. ಗಿಡದೊಳಗೇ ತಡೆ ಇರಬೇಕು ಅಂತ ನಾನು ಹಟ ಹಿಡಿದಿರುವುದೂ ಇದಕ್ಕೇ.

ಕ್ರಾಸ್ ಮಾಡಿದ ಬಗೆ ಚುಟುಕಾಗಿ ಹೇಳುತ್ತೇನೆ. ಎರಡು ತಳಿ ಒಟ್ಟಿಗೆ ಹೂ ಬಿಡಲಿ ಅಂತ ಪಿಟಿಬಿಯನ್ನು ದಿನ ಬಿಟ್ಟು ದಿನ ಬಿಟ್ಟು ಕುಂಡಗಳಲ್ಲಿ ಬಿತ್ತಿದ್ದೆ. ಸಣ್ಣಕ್ಕಿಯ ತೆನೆ ಅರ್ಧ ಹೊರಬಂದಾಗ ಸಂಜೆ ಹೊತ್ತು ಒಂದೊಂದು ಹೂವಿನ ಸಿಪ್ಪೆಯ ತುದಿಯನ್ನು ಕತ್ತರಿಸಿ, ಒಳಗಿನ ಆರು ಪರಾಗಕೋಶಗಳನ್ನು ಸಣ್ಣ ಚಿಮುಟದಿಂದ ಎತ್ತಬೇಕು. ಒಂದು ಒಡೆದರೂ ಆ ಹೂ ಲೆಕ್ಕಕ್ಕಿಲ್ಲ. ಬಟರ್ ಪೇಪರ್ ಲಕೋಟೆ ಹಾಕಿಟ್ಟು, ಮರುದಿನ ಬಿಸಿಲೇರಿದ ಮೇಲೆ ಪಿಟಿಬಿಯ ತೆನೆಯನ್ನು ಅದರ ಮೇಲೆ ಉದುರಿಸುವುದು. ಕಾಳು ಕಟ್ಟಿದ್ದು ಬೇಗ ಗೊತ್ತಾಗುತ್ತದೆ. ಕತ್ತರಿಸಿದ ಸಿಪ್ಪೆಯ ಬಾಯಿಂದ ಅಕ್ಕಿಯ ಮೂತಿ ಬರಿಮೈಯಲ್ಲಿ ಇಣುಕುತ್ತದೆ. ಮೊದಲ ತಲೆಮಾರಿನ ಗಿಡಗಳೆಲ್ಲ ಒಂದೇ ತರ ಇದ್ದವು. ಆಟ ಶುರುವಾಗುವುದು ಎರಡನೇ ತಲೆಮಾರಿನಲ್ಲಿ. ಅಲ್ಲಿ ಎರಡೂ ಮನೆಯ ಗುಣಗಳು ಬಿಡಿಬಿಡಿಯಾಗಿ ಹಂಚಿಹೋಗುತ್ತವೆ.

ಪರೀಕ್ಷೆಯನ್ನು ಬೇಸಿಗೆಯಲ್ಲೇ ಇಟ್ಟುಕೊಂಡೆ, ಹುಳುವಿಗೆ ಬೆಚ್ಚಗಿನ ಹವೆ ಬೇಕಲ್ವಾ. ಸೊಳ್ಳೆ ಪರದೆ ಹೊಲಿದ ಪೆಟ್ಟಿಗೆಯಲ್ಲಿ ಹುಳು ಸಾಕಿದ್ದೆ. ಟ್ರೇಯಲ್ಲಿ ಸಾಲಾಗಿ ಬಿತ್ತನೆ: ಒಂದು ಕಡೆ ತೈಚುಂಗ್ ನೇಟಿವ್ 1, ಇನ್ನೊಂದು ಕಡೆ ಪಿಟಿಬಿ 33, ನಡುವೆ ಸಣ್ಣಕ್ಕಿ ಮತ್ತು ನಮ್ಮ ಕ್ರಾಸಿನ ಮಕ್ಕಳು. ತೈಚುಂಗ್ ತೈವಾನಿನ ತಳಿ, ಜಿಗಿಹುಳುವಿಗೆ ಒಂದಿಷ್ಟೂ ತಡೆಯದು. ಅದಕ್ಕೇ ಅದನ್ನು ಅಳತೆಗೋಲು ಮಾಡಿಕೊಳ್ಳುವುದು. ಸಸಿ ವಾರ ದಾಟಿದ ಮೇಲೆ ಮರಿಹುಳುಗಳನ್ನು ಬಿಟ್ಟು, ತೈಚುಂಗ್ ಸಾಲು ಪೂರ್ತಿ ಒಣಗಿದ ದಿನ ಉಳಿದವಕ್ಕೆ ಅಂಕ ಕೊಡಬೇಕು. ಏನೂ ಆಗಿಲ್ಲ ಅಂದರೆ 0, ಸತ್ತಿದ್ದರೆ 9.

ಸಣ್ಣಕ್ಕಿ ತೈಚುಂಗ್ ಹಿಂದೆಯೇ ಮಲಗಿತು. ಪಿಟಿಬಿ ಹಸಿರಾಗಿ ನಿಂತಿತ್ತು. ಮಕ್ಕಳ ಸಾಲಿನಲ್ಲಿ ಮಾತ್ರ ಎಲ್ಲ ಬಗೆಯೂ ಇತ್ತು. ಸತ್ತವು, ಹಳದಿಯಾದರೂ ಹೊಸ ಎಲೆ ಬಿಟ್ಟವು, ಪಿಟಿಬಿಯಷ್ಟೇ ಗಟ್ಟಿ ನಿಂತ ಕೆಲವು. ಪಿಟಿಬಿಯ ತಡೆ ಒಂದೇ ಜೀನಿನದಲ್ಲ, ಹಾಗಾಗಿ ಮೂರು ಗಟ್ಟಿ ನಿಂತರೆ ಒಂದು ಸೋಲುತ್ತದೆ ಅನ್ನುವ ಒಂದೇ ಜೀನಿನ ಲೆಕ್ಕ ಇಲ್ಲಿ ಕೂರುವುದಿಲ್ಲ.

ಉಳಿದವುಗಳ ಬುಡಕ್ಕೆ ಫಿಲ್ಟರ್ ಪೇಪರ್ ಇಟ್ಟು ಇನ್ನೊಂದು ಪರೀಕ್ಷೆ ಮಾಡಿದೆ. ಪೇಪರಿಗೆ ಬ್ರೋಮೋಕ್ರೆಸಾಲ್ ಗ್ರೀನ್ ಹಚ್ಚಿರುತ್ತೇವೆ. ಹುಳು ಗಿಡದ ಆಹಾರನಾಳದಿಂದ ಚೆನ್ನಾಗಿ ಹೀರಿದರೆ ಅದು ಬಿಡುವ ಸಿಹಿ ಹನಿ ಬಿದ್ದಲ್ಲಿ ನೀಲಿ ಕಲೆ ಮೂಡುತ್ತದೆ. ತೈಚುಂಗ್ ಕೆಳಗೆ ಕಲೆಗಳು ಒಂದಕ್ಕೊಂದು ಕೂಡಿ ದೊಡ್ಡ ನೀಲಿ ಮಚ್ಚೆ. ಪಿಟಿಬಿ ಕೆಳಗೆ ಸಾಸಿವೆಯಷ್ಟು ಚುಕ್ಕೆ, ಅದೂ ಅಲ್ಲೊಂದು ಇಲ್ಲೊಂದು. ಹಳದಿಯಾಗಿ ಬದುಕಿದ ಕೆಲವು ಸಸಿಗಳ ಕೆಳಗೆ ಸುಮಾರಾಗೇ ನೀಲಿ ಇತ್ತು. ಅಂದರೆ ಹುಳು ಉಂಡಿದೆ, ಗಿಡ ತಡೆದುಕೊಂಡಿದೆ.

ನಾನು ಆ ಹಳದಿ ಸಸಿಗಳನ್ನೂ ಇಟ್ಟುಕೊಂಡೆ. ಇದಕ್ಕೆ ಗಟ್ಟಿ ಕಾರಣ ಇದೆ. ಕೆನ್ಸಾಸಿನ ರೆಜಿನಾಲ್ಡ್ ಪೇಂಟರ್ 1951ರಲ್ಲೇ ಗಿಡದ ತಡೆಯನ್ನು ಮೂರು ಬಗೆ ಮಾಡಿದರು. ಹುಳು ಹತ್ತಿರ ಬರದಂತೆ ಮಾಡುವುದು, ಬಂದ ಹುಳುವನ್ನು ಸೊರಗಿಸುವುದು, ಉಂಡರೂ ಗಿಡ ತಾಳಿಕೊಳ್ಳುವುದು. ಮೊದಲ ಎರಡರಲ್ಲಿ ಹುಳುವಿಗೆ ಬದಲಾಗುವ ಒತ್ತಡ ಹೆಚ್ಚು. 1973ರಲ್ಲಿ ಬಂದ ಐಆರ್26 ಭತ್ತದಲ್ಲಿ ಜಿಗಿಹುಳು ತಡೆಯುವ ಒಂದೇ ದೊಡ್ಡ ಜೀನ್ ಇತ್ತು. ಕೆಲವೇ ವರ್ಷದಲ್ಲಿ ಅದನ್ನೂ ತಿನ್ನುವ ಹುಳು ಎದ್ದಿತು. 1985ರ ಐಆರ್64ರಲ್ಲೂ ಅದೇ ಜೀನ್ ಇದೆ, ಆದರೆ ಜೊತೆಗೆ ಸಣ್ಣಪುಟ್ಟ ಗುಣಗಳೂ ಸೇರಿದ್ದರಿಂದ ಅದು ಹೆಚ್ಚು ಕಾಲ ತಾಳಿತು. ಗೋಧಿಯಲ್ಲೂ ಹೆಸಿಯನ್ ನೊಣದ ವಿರುದ್ಧ ಒಂದೊಂದೇ ಜೀನ್ ಹಾಕಿದಾಗ ನೊಣ ಮತ್ತೆ ಮತ್ತೆ ದಾರಿ ಹುಡುಕಿಕೊಂಡಿದೆ.

ಗೋಧಿಯ ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. ಕೆನಡಾದಲ್ಲಿ 1946ರಲ್ಲಿ ರೆಸ್ಕ್ಯೂ ಅನ್ನುವ ತಳಿ ಬಂತು. ಅದರ ಕಾಂಡದೊಳಗೆ ಟೊಳ್ಳಿಲ್ಲ, ತಿರುಳು ತುಂಬಿರುತ್ತದೆ. ಕಾಂಡ ಕೊರೆಯುವ ಸಾಫ್ಲೈ ಅನ್ನುವ ಕೀಟದ ಮರಿಗೆ ಒಳಗೆ ಓಡಾಡೋಕೆ ಜಾಗ ಇಲ್ಲ. ಆದರೆ ಮೋಡ ಕವಿದ ವರ್ಷ ತಿರುಳು ಸರಿಯಾಗಿ ತುಂಬುವುದಿಲ್ಲ, ತಡೆ ಸಡಿಲವಾಗುತ್ತದೆ. ತಿಂಗಳುಗಟ್ಟಲೆ ಸೂರ್ಯ ಕಾಣದ ಕೊಡಗಿನಲ್ಲಿ ಕೂತು ಇದನ್ನು ಓದಿದವನಿಗೆ ಟ್ರೇಯ ಅಂಕವನ್ನಷ್ಟೇ ನಂಬೋಕೆ ಮನಸ್ಸು ಬರುವುದಿಲ್ಲ. ಗಿಡವನ್ನು ಇಲ್ಲಿನ ಮೋಡ, ಇಲ್ಲಿನ ನೀರಿನಲ್ಲೇ ನೋಡಬೇಕು.

ಅದಕ್ಕೇ ಈಗ ಗದ್ದೆ. ಆರಿಸಿದ ಸಸಿಗಳ ಸುತ್ತ ತೈಚುಂಗ್ ಸಾಲು ಹಾಕಿದ್ದೇನೆ, ಹುಳು ಇದ್ದರೆ ಮೊದಲು ಅಲ್ಲಿ ಏಳಲಿ ಅಂತ. ಔಷಧಿ ಇಲ್ಲ. ಪಕ್ಕದ ಗದ್ದೆಯ ಅಣ್ಣ ಒಪ್ಪಿ, ತಮ್ಮ ಬದಿಯ ಎರಡು ಪಾತಿಗೆ ಈ ಸಲ ಹೊಡೆಯುವುದಿಲ್ಲ ಅಂದಿದ್ದಾರೆ. ಅವರ ಉಪಕಾರ ದೊಡ್ಡದು.

ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ಗಿಡಗಿಡಕ್ಕೂ ಬೇರೆ ಲಕೋಟೆಯಲ್ಲಿ ಕಾಳು ತೆಗೆಯಬೇಕು. ಪಿಟಿಬಿಯಿಂದ ಬಂದ ಕೆಂಪು, ದಪ್ಪ ಅಕ್ಕಿ ಬಹಳ ಗಿಡಗಳಲ್ಲಿ ಇರುತ್ತದೆ. ಹಾಗಾಗಿ ಗಟ್ಟಿ ನಿಂತವುಗಳಲ್ಲಿ ಕೆಲವನ್ನು ಈ ಅಕ್ಟೋಬರಿನಲ್ಲೇ ಮತ್ತೆ ಸಣ್ಣಕ್ಕಿಗೆ ಕ್ರಾಸ್ ಮಾಡುತ್ತೇನೆ. ಘಮ ಇದೆಯಾ ಅಂತ ನೋಡುವ ಕೆಲಸ ಅಮ್ಮನದು. ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದರೆ ಅವರಿಗೆ ಗೊತ್ತಾಗುತ್ತದೆ. ಮುಂದಿನ ಬರಹ ತೆನೆ ಹೊರಟ ಮೇಲೆ, ಬುಡದ ಹುಳು ಲೆಕ್ಕದ ಜೊತೆ.