ಕಾರ್ ಡೆಲಿವರಿ ದಿನ ಯಾರೂ ತೋರಿಸದ ಫೀಚರ್‌ಗಳು

ಈಗಿನ ಕಾರಿನ್ಯಾಗ ಭಾರಿ ಭಾರಿ ಫೀಚರ್ ಇರ್ತಾವ, ಆದ್ರ ಶೋರೂಮಿನ್ಯಾಗ ಡೆಲಿವರಿ ಕೊಡುವಾಗ ತೋರಸೋದು ಎಲ್ಲಾ ಕಣ್ಣಿಗೆ ಕಾಣೂವಂಥಾವ. ಸನ್‌ರೂಫ್ ತಗದು ತೋರಸ್ತಾರ, ಟಚ್‌ಸ್ಕ್ರೀನಿಗೆ ಫೋನ್ ಜೋಡಿಸಿ ಕೊಡ್ತಾರ, ಒಳಗ ನೀಲಿ ಲೈಟ್ ಹಚ್ಚಿ ಹುಡುಗರನ್ನ ಖುಷಿ ಮಾಡ್ತಾರ, ಆಮ್ಯಾಲ ಪೂಜಿ, ಚಕ್ರದ ಕೆಳಗ ಲಿಂಬಿಹಣ್ಣು, ಪೇಢೆ, ಫೋಟೋ, ಮುಗೀತು. ಕಷ್ಟಕ್ಕ ಬರೋ ಫೀಚರ್ ಬಗ್ಗೆ ಒಂದ ಮಾತೂ ಬರಂಗಿಲ್ಲ. ಅವೆಲ್ಲಾ ಗ್ಲೋವ್ ಬಾಕ್ಸಿನ್ಯಾಗ ಪ್ಲಾಸ್ಟಿಕ್ ಕವರ್ ಸಹಿತ ಬಿದ್ದಿರೋ ದಪ್ಪ ಮ್ಯಾನುವಲ್‌ನ್ಯಾಗ ಇರ್ತಾವ, ಅದನ್ನ ಯಾರೂ ತಗದು ನೋಡಂಗಿಲ್ಲ. ನನಗ ಆ ಮ್ಯಾನುವಲ್ ಓದೋದಂದ್ರ ಭಾಳ ಸೇರತೈತಿ, ನಮ್ಮ ಬಳಗದಾಗ ಯಾರ ಹೊಸಾ ಗಾಡಿ ತಗೊಂಡ್ರೂ ಮೊದಲ ಅದನ್ನ ಇಸ್ಕೊಂಡು ಓದತೀನಿ. ಹಂಗ ಓದಿ, ಗಾಡಿ ಮ್ಯಾಲ ಮಾಡಿ ನೋಡಿ ತಿಳಕೊಂಡಿದ್ದನ್ನ ಬರ್ಯಾಕತ್ತೀನಿ, ಯಾಕಂದ್ರ ಇವು ಗೊತ್ತಿದ್ರ ಜನಕ್ಕ ಖರೇನ ಉಪಯೋಗ ಅದಾವ.

ಮೊದಲ ಚಾವಿ ವಿಷಯ. ನಮ್ಮ ಕಾಕಾ ರಿಟೈರ್ ಆದ ಮ್ಯಾಲ ಪುಶ್ ಬಟನ್ ಸ್ಟಾರ್ಟ್ ಇರೋ ಗಾಡಿ ತಗೊಂಡ್ರು. ಒಮ್ಮೆ ಎಲ್ಲಾರೂ ಕೂಡಿ ಲಕ್ಕುಂಡಿಗೆ ಹೋಗಿದ್ವಿ, ಕಾಶಿ ವಿಶ್ವನಾಥ ಗುಡಿ, ಬ್ರಹ್ಮ ಜಿನಾಲಯ ಎಲ್ಲಾ ನೋಡಿ ಬಿಸಲಾಗ ಸುಸ್ತಾಗಿ ಬಂದ್ರ ಗಾಡಿ ಬಾಗಲಾನ ತಗೀವಲ್ದು. ರಿಮೋಟ್ ಎಷ್ಟ ಒತ್ತಿದ್ರೂ ಏನೂ ಇಲ್ಲ. ಕಾಕೂ ಅಂತೂ ‘ಗದಗಿನಿಂದ ಮಿಸ್ತ್ರಿನ ಕರಸ್ರಿ, ಇನ್ನ ಕತ್ತಲಾಗತೈತಿ’ ಅಂತ ಗಾಬರಿ ಆದ್ರು. ನಾ ಅಂದೆ, ‘ಕಾಕಾ, ರಿಮೋಟ್ ಇಲ್ಲಿ ಕೊಡ್ರಿ.’ ರಿಮೋಟಿನ ಬಾಜೂಕ ಒಂದು ಸಣ್ಣ ಲಾಕ್ ಇರತೈತಿ, ಅದನ್ನ ಸರಿಸಿ ಎಳದ್ರ ಒಳಗಿಂದ ಲೋಹದ ಸಣ್ಣ ಚಾವಿ ಹೊರಗ ಬರತೈತಿ. ಚಾವಿ ಏನೋ ಸಿಕ್ತು, ಆದ್ರ ಬಾಗಲದ ಹ್ಯಾಂಡಲ್‌ನ್ಯಾಗ ಚಾವಿ ಹಾಕೋ ತೂತ ಕಾಣವಲ್ದು! ಅದು ಒಂದು ಪ್ಲಾಸ್ಟಿಕ್ ಮುಚ್ಚಳದ ಹಿಂದ ಇತ್ತು, ಮುಚ್ಚಳದ ಕೆಳಗ ಸಣ್ಣ ಸೀಳು, ಅದರಾಗ ಚಾವಿ ತುದಿ ಇಟ್ಟು ಮೆಲ್ಲಕ ಮೀಟಿದೆ, ಟಪ್ ಅಂತ ಬಿಚ್ಚಿ ಬಂತು. ಬಾಗಲಾ ತಗದ ಕೂಡ್ಲೆ ಅಲಾರ್ಮ್ ಹೊಡ್ಕೊಳ್ಳಾಕ ಶುರು ಆತು, ಗುಡಿ ಮುಂದಿನ ಮಂದಿ ಎಲ್ಲಾ ನಮ್ಮ ಕಡೆ ನೋಡಾಕತ್ರು. ಕ್ಲಚ್ ಒತ್ತಿ ಹಿಡಿದು, ಸತ್ತ ರಿಮೋಟನ್ನ ಸ್ಟಾರ್ಟ್ ಬಟನ್‌ಗೆ ತಾಗಿಸಿ ಅದರಿಂದನ ಬಟನ್ ಒತ್ತಿದೆ. ಗಾಡಿ ಚಾಲೂ ಆತು, ಅಲಾರ್ಮ್ ಬಂದ್ ಆತು, ಕಾಕಾ ನನ್ನ ಮಾರಿ ನೋಡಿದ್ರು.

ಇದು ಹೆಂಗ ಸಾಧ್ಯ ಅಂದ್ರ, ರಿಮೋಟ್ ಒಳಗ ಎರಡು ಬ್ಯಾರೆ ಬ್ಯಾರೆ ಕೆಲಸ ನಡೀತಾವ. ಬಾಗಲಾ ತಗಿಯೋ ಸಿಗ್ನಲ್ ಕಳಸಾಕ ಬ್ಯಾಟರಿ ಬೇಕು. ಆದ್ರ ‘ಇದು ಈ ಗಾಡೀದ ಚಾವಿ’ ಅಂತ ಹೇಳೋ ಇಮೊಬಿಲೈಸರ್ ಚಿಪ್‌ಗೆ ಬ್ಯಾಟರಿನ ಬ್ಯಾಡ. ಬಟನ್ ಹತ್ರ ಇರೋ ಆಂಟೆನಾ ಸುರುಳಿಯಿಂದನ ಆ ಚಿಪ್‌ಗೆ ಬೇಕಾದಷ್ಟು ಕರೆಂಟ್ ಸಿಗತೈತಿ, ಅದು ತನ್ನ ಕೋಡ್ ವಾಪಸ್ ಹೇಳತೈತಿ. ನಮ್ಮ ಗ್ಲಾಸಿಗೆ ಅಂಟಿಸಿದ ಫಾಸ್ಟ್ಯಾಗ್‌ನ್ಯಾಗೂ ಬ್ಯಾಟರಿ ಇಲ್ಲ ನೋಡ್ರಿ, ಟೋಲ್ ಮ್ಯಾಲಿನ ರೀಡರ್ ಬಿಡೋ ರೇಡಿಯೋ ಅಲೆಯಿಂದನ ಅದು ಎಚ್ಚರ ಆಗತೈತಿ. ಎಲ್ಲಾ ಗಾಡ್ಯಾಗೂ ಬಟನ್‌ಗ ತಾಗಸೋದು ಅಂತಿಲ್ಲ, ಕೆಲವದರಾಗ ಕಪ್ ಹೋಲ್ಡರ್ ಒಳಗ ಇಡಬೇಕು, ಕೆಲವದರಾಗ ಸ್ಟೇರಿಂಗ್ ಬಾಜೂಕ ಗುರ್ತು ಇರತೈತಿ. ನಿಮ್ಮ ಗಾಡೀದು ಎಲ್ಲಿ ಅಂತ ಮನ್ಯಾಗ ಆರಾಮ ಇದ್ದಾಗನ ನೋಡಿ ಇಟ್ಕೋರಿ, ಮನಿ ಹೆಣ್ಮಕ್ಕಳಿಗೂ ಡ್ರೈವರ್‌ಗೂ ತೋರಸ್ರಿ. ಬ್ಯಾಟರಿ ಅಂತೂ ಭಾಳ ಗಾಡ್ಯಾಗ ಸಿಆರ್ 2032 ಅನ್ನೋ ರೊಕ್ಕದ ಆಕಾರದ್ದು, ಯಾವ ವಾಚ್ ಅಂಗಡ್ಯಾಗ ಬೇಕಾದ್ರೂ ಸಿಗತೈತಿ.

ಅದ ರಿಮೋಟಿನ ಅನ್‌ಲಾಕ್ ಬಟನ್ ಒಂದು ನಾಕು ಸೆಕೆಂಡ್ ಒತ್ತಿ ಹಿಡೀರಿ, ಕೆಲವು ಗಾಡ್ಯಾಗ ನಾಕೂ ಗ್ಲಾಸ್ ತಾವ ಕೆಳಗ ಇಳೀತಾವ. ಏಪ್ರಿಲ್ ಮೇ ತಿಂಗಳದಾಗ ಹುಬ್ಬಳ್ಳಿ ದುರ್ಗದ ಬೈಲ ಹತ್ರ ಬಿಸಲಾಗ ಗಾಡಿ ಹಚ್ಚಿ ಸಂತಿ ಮಾಡ್ಕೊಂಡು ಬರೋರಿಗೆ ಇದರಂಥಾದ್ದು ಬ್ಯಾರೆ ಇಲ್ಲ, ನೀವು ಗಾಡಿ ಹತ್ರ ಬರೂದರೊಳಗ ಒಳಗಿನ ಝಳ ಹೊರಗ ಹೋಗಿರತೈತಿ. ಇನ್ನ ಪೆಟ್ರೋಲ್ ಮೀಟರಿನ್ಯಾಗ ಪಂಪಿನ ಚಿತ್ರದ ಬಾಜೂಕ ಒಂದು ಸಣ್ಣ ಬಾಣ ಇರತೈತಿ ನೋಡ್ರಿ, ಟ್ಯಾಂಕಿನ ಮುಚ್ಚಳ ಯಾವ ಕಡೆ ಐತಿ ಅನ್ನೋದನ್ನ ಅದು ತೋರಸತೈತಿ. ಫೋರ್ಡ್ ಕಂಪನಿಯೊಳಗ ಕೆಲಸ ಮಾಡ್ತಿದ್ದ ಜಿಮ್ ಮೊಯ್ಲನ್ ಅನ್ನೋರು 1986ರಾಗ ಕಂಪನಿ ಗಾಡಿಗೆ ಪೆಟ್ರೋಲ್ ಹಾಕಸಾಕ ಹೋಗಿ, ಮುಚ್ಚಳ ಆ ಕಡೆ ಅಂತ ಗೊತ್ತಾಗದ ಮಳ್ಯಾಗ ತೊಯಿಸ್ಕೊಂಡು ಬಂದು ಕುಂತು ಒಂದು ಚೀಟಿ ಬರದು ಮ್ಯಾಲಿನವರಿಗೆ ಕಳಿಸಿದ್ರಂತ, ಅದರಿಂದ ಹುಟ್ಟಿದ್ದು ಈ ಬಾಣ. ಒಬ್ಬ ಮನಷ್ಯಾ ತನಗಾದ ತ್ರಾಸು ಇನ್ನೊಬ್ಬರಿಗೆ ಆಗಬಾರದು ಅಂತ ಮಾಡಿದ್ದು ಇವತ್ತು ಎಷ್ಟು ಗಾಡ್ಯಾಗ ಐತಿ, ನನಗ ಅದನ್ನ ನೋಡಿದಾಗೆಲ್ಲಾ ಸಂತೋಷ ಆಗತೈತಿ.

ಟೈರಿನ ಗಾಳಿ ಕಡಿಮಿ ಆತು ಅಂತ ಡ್ಯಾಶ್‌ಬೋರ್ಡ್ ಮ್ಯಾಲ ಹಳದಿ ಲೈಟ್ ಬರೋದು ಈಗ ಸಣ್ಣ ಗಾಡಿಗೂ ಬಂದೈತಿ. ಇದರಾಗ ಎರಡು ನಮೂನಿ ಅದಾವ. ಒಂದರಾಗ ಪ್ರತಿ ಚಕ್ರದ ಒಳಗ ಸಣ್ಣ ಸೆನ್ಸರ್ ಇದ್ದು ಗಾಳಿ ಎಷ್ಟೈತಿ ಅಂತ ಅಳದು ವೈರ್ ಇಲ್ಲದ ಹೇಳತೈತಿ. ಇನ್ನೊಂದು ನಮೂನ್ಯಾಗ ಗಾಳಿ ಅಳಿಯೋ ಸೆನ್ಸರ್ ಇರಂಗೇ ಇಲ್ಲ! ಗಾಳಿ ಕಡಿಮಿ ಆದ ಟೈರ್ ಸ್ವಲ್ಪ ಕುಸೀತೈತಿ, ಅದರ ಸುತ್ತಳತಿ ಸಣ್ಣ ಆದಂಗ ಆಗಿ ಉಳದ ಮೂರು ಚಕ್ರಕ್ಕಿಂತ ಜಾಸ್ತಿ ಸುತ್ತ ತಿರಗತೈತಿ, ಎಬಿಎಸ್ (ಜೋರು ಬ್ರೇಕ್ ಹೊಡದ್ರೂ ಚಕ್ರ ಲಾಕ್ ಆಗದಂಗ ನೋಡ್ಕೊಳ್ಳೋ ವ್ಯವಸ್ಥೆ) ಸಲುವಾಗಿ ಚಕ್ರಕ್ಕ ಹಾಕಿದ ಸ್ಪೀಡ್ ಸೆನ್ಸರ್ ಆ ಫರಕನ್ನ ಹಿಡೀತೈತಿ. ಇದನ್ನ ಓದಿದ ದಿನ ನನಗ ಭಾಳ ಹೊತ್ತು ಅದ ತಲ್ಯಾಗ ಇತ್ತು, ಇದ್ದ ಸೆನ್ಸರ್‌ನಿಂದನ ಎರಡನೇ ಕೆಲಸ ತಗೊಂಡಾರ ಅಂತ. ಆದ್ರ ಇದಕ್ಕ ಒಂದು ಮಿತಿ ಐತಿ, ನಾಕೂ ಟೈರಿನ ಗಾಳಿ ನಿಧಾನಕ ಒಂದ ಸಮ ಇಳದ್ರ ಫರಕ್ ಬರಂಗಿಲ್ಲಲ್ಲ, ಅದಕ್ಕ ತಿಳಿಯೋದು ಕಷ್ಟ. ಮತ್ತ ಗಾಳಿ ತುಂಬಿಸಿದ ಮ್ಯಾಲ ಮೆನುವಿನ್ಯಾಗ ಹೋಗಿ ರೀಸೆಟ್ ಒತ್ತಬೇಕು, ಇಲ್ಲಾಂದ್ರ ಅದು ಹಳೇ ಲೆಕ್ಕಾನ ಹಿಡಕೊಂಡು ಕೂಡತೈತಿ. ಪಂಕ್ಚರ್ ಅಂಗಡ್ಯಾಗ ಇದನ್ನ ಯಾರೂ ಮಾಡಿ ಕೊಡಂಗಿಲ್ಲ, ನಾವ ಮಾಡ್ಕೋಬೇಕು.

ಎಬಿಎಸ್ ಹೆಸರು ಬಂತಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು. 1978ರಾಗ ಬಾಷ್‌ನವರು ಮಾಡಿದ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್ ಕ್ಲಾಸಿನ್ಯಾಗ ಬಂತು, ನಮ್ಮ ದೇಶದಾಗ ಎಲ್ಲಾ ಹೊಸಾ ಕಾರಿಗೂ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ. ಮಳಿಗಾಲದಾಗ ಅಣ್ಣಿಗೇರಿ ನವಲಗುಂದ ಕಡೆ ಹೋದೋರಿಗೆ ಗೊತ್ತಿರತೈತಿ, ಹೊಲದಿಂದ ಬಂದ ಟ್ರ್ಯಾಕ್ಟರ್ ಗಾಲಿಯಿಂದ ಎರಿ ಮಣ್ಣು ಡಾಂಬರ್ ರೋಡಿಗೆ ಮೆತ್ತಿ, ಮ್ಯಾಲ ನಾಕು ಹನಿ ಬಿದ್ರ ರೋಡು ಬೆಣ್ಣಿ ಸವರಿದಂಗ ಆಗಿರತೈತಿ. ಅಲ್ಲಿ ಜೋರಾಗಿ ಬ್ರೇಕ್ ಹೊಡದ್ರ ಹಳೇ ಗಾಡ್ಯಾಗ ಚಕ್ರ ಲಾಕ್ ಆಗಿ, ಸ್ಟೇರಿಂಗ್ ಎತ್ತ ತಿರುಗಿಸಿದ್ರೂ ಗಾಡಿ ಸೀದಾ ಜಾರಕೊಂತ ಹೋಗ್ತಿತ್ತು. ಎಬಿಎಸ್ ಇದ್ರ ಚಕ್ರ ಲಾಕ್ ಆಗಾಕತ್ತಿದ್ದನ್ನ ಸೆನ್ಸರ್ ಹಿಡದು, ಬ್ರೇಕಿನ ಪ್ರೆಶರ್ ಬಿಟ್ಟು ಹಿಡದು ಬಿಟ್ಟು ಹಿಡದು ಒಂದ ಸೆಕೆಂಡಿನ್ಯಾಗ ಎಷ್ಟೋ ಸಲ ಮಾಡತೈತಿ, ಅದಕ್ಕ ಗಾಡಿ ತಿರುಗಿಸಿ ಪಾರಾಗಾಕ ಬರತೈತಿ. ಆ ಹೊತ್ತಿನ್ಯಾಗ ಪೆಡಲ್ ಕಾಲಿನ ಕೆಳಗ ಗಡಗಡ ಅಂತ ನಡಗತೈತಿ, ಕರಕರ ಸಪ್ಪಳಾನೂ ಬರತೈತಿ. ಏನೋ ಮುರೀತು ಅಂತ ಹೆದರಿ ಭಾಳ ಮಂದಿ ಅಲ್ಲೇ ಕಾಲು ಎತ್ತಿಬಿಡ್ತಾರ! ಎತ್ತಬ್ಯಾಡ್ರಿ. ಒತ್ತಿದ ಕಾಲು ಒತ್ತೇ ಇರಬೇಕು, ಕಣ್ಣು ಹೋಗಬೇಕಾದ ದಾರಿ ಮ್ಯಾಲ ಇರಬೇಕು. ಗಾಡಿ ತಗೊಂಡವರೆಲ್ಲಾರಿಗೂ ಒಂದು ಖಾಲಿ ಮೈದಾನದಾಗ ಈ ನಡುಗು ಒಮ್ಮೆ ಕಾಲಿಗೆ ಗೊತ್ತು ಮಾಡಿಸಿ ಕೊಟ್ರ ಎಷ್ಟ ಚೊಲೋ ಆಗ್ತಿತ್ತು ಅಂತ ನನಗ ಯಾವಾಗ್ಲೂ ಅನಸತೈತಿ.

ನೃಪತುಂಗ ಬೆಟ್ಟದ ಏರಿನ್ಯಾಗ ಗಾಡಿ ನಿಲ್ಲಿಸಿ ಮತ್ತ ಎತ್ತುವಾಗ ಹಿಂದ ಸರೀದಂಗ ಎರಡು ಸೆಕೆಂಡ್ ಬ್ರೇಕ್ ಹಿಡಿಯೋ ಹಿಲ್ ಹೋಲ್ಡ್ ಕೂಡ ಇದ ಬ್ರೇಕ್ ಸಿಸ್ಟಂನ ಮಗಾ.

ಈಗ ಹೇಳೋದನ್ನ ಸಿಟ್ಟು ಮಾಡ್ಕೊಳ್ಳದ ಓದ್ರಿ. ಮುಂದಿನ ಸೀಟಿನ್ಯಾಗ ಕೂಸನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ಹೋಗೋದನ್ನ ನಮ್ಮ ಕಡೆ ದಿನಾ ನೋಡ್ತೀನಿ, ಏನೋ ಮುದ್ದಿಗೆ, ಕೂಸು ಅಳತೈತಿ ಅಂತ. ಏರ್‌ಬ್ಯಾಗ್ ಅಂದ್ರ ಮೆತ್ತಗಿನ ದಿಂಬು ಅಂತ ತಿಳಕೊಂಡಿರ್ತಾರ. ಅದು ತುಂಬಿಕೊಳ್ಳೋದು ಒಂದು ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತಿನ್ಯಾಗ, ಕಣ್ಣ ರೆಪ್ಪಿ ಬಡಿಯೂದರೊಳಗ. ಬೆಲ್ಟ್ ಕಟ್ಟಿ ಸೀಟಿಗೆ ಆತು ಕುಂತ ದೊಡ್ಡ ಮನಷ್ಯಾನ ಲೆಕ್ಕ ಹಾಕಿ ಅದನ್ನ ಮಾಡ್ಯಾರ, ಡ್ಯಾಶ್‌ಬೋರ್ಡಿಗೆ ಹತ್ತಿ ಕುಂತ ಕೂಸಿನ ಲೆಕ್ಕ ಅದರಾಗ ಇಲ್ಲ. ಸನ್‌ವೈಸರ್ ಮ್ಯಾಲ ಕೂಸಿನ ಚಿತ್ರಕ್ಕ ಕೆಂಪ ಗೀಟು ಹೊಡದ ಸ್ಟಿಕ್ಕರ್ ಇರತೈತಲ್ಲ, ಛಂದ ಕಾಣಂಗಿಲ್ಲ ಅಂತ ಕೆಲವರು ಮೊದಲ ವಾರನ ಅದನ್ನ ಕಿತ್ತು ಒಗೀತಾರ, ಅದು ಇದನ್ನ ಹೇಳೋದು. ಇನ್ನ ಹಿಂದಿನ ಸೀಟಿನ ಬೆನ್ನು ಮತ್ತ ಕೂಡೋ ಜಾಗ ಸೇರೋ ಸಂದಿಯೊಳಗ ಕೈ ಹಾಕಿ ನೋಡ್ರಿ, ಬೆರಳಿಗೆ ಕಬ್ಬಿಣದ ಕಡ್ಡಿ ಕುಣಕಿ ತಾಗತಾವ. ಅದ ಐಸೋಫಿಕ್ಸ್. ಮಕ್ಕಳ ಸೀಟು ಅದಕ್ಕ ಟಕ್ ಅಂತ ಕೂಡತೈತಿ, ಗಾಡಿಯ ಚೌಕಟ್ಟಿಗೇ ಗಟ್ಟಿ ಆಗತೈತಿ. ಸಾವಿರಾರು ರೂಪಾಯಿ ಸೀಟ್ ಕವರ್ ಹೊಲಸುವಾಗ ಆ ಕುಣಕಿ ಪೂರಾ ಮುಚ್ಚಿ ಹೊಲಸಿ ಬಿಡ್ತಾರ, ಹಂಗ ಮಾಡಸಬ್ಯಾಡ್ರಿ, ಅಲ್ಲಿ ಸೀಳು ಬಿಡಾಕ ಹೇಳ್ರಿ.

ಬೆಲ್ಟಿನ ಬಗ್ಗೆನೂ ಒಂದು ಮಾತು. ಈಗ ನಾವು ಕಟ್ಟೋ ಮೂರು ಕಡೆ ಹಿಡಿಯೋ ಬೆಲ್ಟನ್ನ 1959ರಾಗ ವೋಲ್ವೋದ ಇಂಜಿನಿಯರ್ ನಿಲ್ಸ್ ಬೋಲಿನ್ ಮಾಡಿದ್ರು, ಕಂಪನಿಯವರು ಪೇಟೆಂಟ್ ತಮ್ಮ ಕಡೆ ಇದ್ರೂ ಬ್ಯಾರೆ ಕಂಪನಿಗೋಳು ಬಳಸಾಕ ಬಿಟ್ರು. ಈಗಿನ ಬೆಲ್ಟಿನ ಒಳಗ ಪ್ರಿಟೆನ್ಷನರ್ ಅಂತ ಐತಿ, ಡಿಕ್ಕಿ ಆದ ಕ್ಷಣಾನ ಒಂದು ಸಣ್ಣ ಮದ್ದು ಹಾರಿ ಬೆಲ್ಟಿನ ಸಡಲನ್ನ ಎಳದು ಬಿಗಿ ಮಾಡತೈತಿ. ಬೀಪ್ ಬಂದ್ ಮಾಡಾಕ ಅಂತ ಖಾಲಿ ಕ್ಲಿಪ್ ಹಾಕಿ ಕೂಡೋರು ಈ ಎಲ್ಲಾ ವ್ಯವಸ್ಥೆನ ತಾವ ಕೈಯಾರ ಬಿಟ್ಟು ಕೊಡ್ತಾರ. ಹಂಗ ವಾಟ್ಸಾಪಿನ್ಯಾಗ ತಿರುಗೋ ಇನ್ನೊಂದು ಮಾತು, ಹೆಡ್‌ರೆಸ್ಟ್ ಕಿತ್ತು ಬರೋದು ಗ್ಲಾಸ್ ಒಡ್ಯಾಕ ಅಂತ, ಅದು ಖರೇ ಅಲ್ಲ. ಹಿಂದಿಂದ ಯಾರರ ಗುದ್ದಿದ್ರ ಗೋಣು ಹಿಂದಕ್ಕ ಮುರೀಬಾರದು ಅಂತ ಅದನ್ನ ಇಟ್ಟಾರ, ಅದರ ಮ್ಯಾಲಿನ ಅಂಚು ನಿಮ್ಮ ತಲಿ ಮ್ಯಾಲಿನ ಅಂಚಿನ ಸಮಕ್ಕ ಬರೋಹಂಗ ಎತ್ತಿ ಇಟ್ಕೋರಿ.

ಸ್ಟೇರಿಂಗ್ ಕೆಳಗ, ಮೊಣಕಾಲಿನ ಹತ್ರ ಒಂದು ಅಗಲ ಬಾಯಿಯ ಸಾಕೆಟ್ ಇರತೈತಿ, ಒಬಿಡಿ ಪೋರ್ಟ್ ಅಂತಾರ. ಗಾಡಿ ತನಗ ಏನಾಗೈತಿ ಅಂತ ಬಾಯಿ ಬಿಟ್ಟು ಹೇಳೋದು ಅಲ್ಲಿಂದ. ನನ್ನ ಗೆಳ್ಯಾನ ಗಾಡಿ ಜರ್ಕ್ ಹೊಡ್ಯಾಕತ್ತಿತ್ತು, ಇಂಜಿನ್ ಲೈಟ್ ಮಿಣಕತಿತ್ತು, ಒಂದು ಕಡೆ ತೋರಿಸಿದ್ರ ದೊಡ್ಡ ಎಸ್ಟಿಮೇಟ್ ಕೊಟ್ಟಿದ್ರು. ಗೋಕುಲ ರೋಡಿನ ಕಡೆ ನಮಗ ಗೊತ್ತಿರೋ ಮಿಸ್ತ್ರಿ ಮಾಮಾನ ಹತ್ರ ಕರಕೊಂಡು ಹೋದೆ. ಅಂವಾ ಸಣ್ಣ ಸ್ಕ್ಯಾನರ್ ಚುಚ್ಚಿದ, ಪಿ 0301 ಅಂತ ಬಂತು, ಅಂದ್ರ ಒಂದನೇ ಸಿಲಿಂಡರ್ ಸರಿಯಾಗಿ ಉರಿಯವಲ್ದು ಅಂತ. ನಾ ಅನ್ಕೊಂಡೆ ಈಗ ಪಾರ್ಟ್ ಬದಲಿ ಮಾಡ್ತಾನ ಅಂತ. ಅಂವಾ ಮಾಡಿದ್ದು ಬ್ಯಾರೆ. ಒಂದನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್, ಅಂದ್ರ ಕಿಡಿ ಹಾರಸಾಕ ಕರೆಂಟ್ ಕೊಡೋ ಪಾರ್ಟ್, ತಗದು ಎರಡನೇದಕ್ಕ ಹಾಕಿದ, ಎರಡನೇದು ಒಂದನೇದಕ್ಕ, ಕೋಡ್ ಅಳಿಸಿದ, ಗಾಡಿ ಚಾಲೂ ಇಟ್ಟ. ಸ್ವಲ್ಪ ಹೊತ್ತಿಗೆ ಪಿ 0302 ಅಂತ ಬಂತು. ‘ನೋಡ್ರಿ ಸರ, ರೋಗ ಕಾಯಿಲ್ ಸಂಗಾಟ ಹೋತು, ಇಂಜಿನ್ ಬರೋಬ್ಬರಿ ಐತಿ’ ಅಂದ. ಒಂದ ಕಾಯಿಲ್ ಬದಲಿ ಮಾಡಿದ, ಕೆಲಸ ಮುಗೀತು. ಕೋಡ್ ಬರೇ ಎಲ್ಲಿ ನೋಡಬೇಕು ಅಂತ ಹೇಳತೈತಿ, ಯಾವ ಪಾರ್ಟ್ ಹೋಗೈತಿ ಅನ್ನೋದನ್ನ ಹುಡಕೋದು ಮನಷ್ಯಾನ ತಲೀನ.

ಕಡೀಕ ಎಡಾಸ್, ಅಂದ್ರ ರೋಡ್ ನೋಡಿಕೊಂತ ಗಾಡಿ ಹೊಡಿಯೋರಿಗೆ ನೆರವಾಗೋ ವ್ಯವಸ್ಥೆ. 2021ರಾಗ ಎಂಜಿ ಆಸ್ಟರ್, ಮಹಿಂದ್ರಾ ಎಕ್ಸ್‌ಯುವಿ 700 ಬಂದ ಮ್ಯಾಲ ಇದು ನಮ್ಮ ಬಜೆಟ್ಟಿನ ಗಾಡಿಗೋಳ ಹತ್ರ ಬರಾಕ ಶುರು ಆತು. ಗ್ಲಾಸಿನ ಮ್ಯಾಲ ಕನ್ನಡಿ ಹಿಂದ ಕ್ಯಾಮೆರಾ, ಮುಂದಿನ ಬಂಪರ್ ಅಥವಾ ಜಾಳಿಗಿ ಹಿಂದ ರೇಡಾರ್, ಎರಡೂ ಕೂಡಿ ಮುಂದಿನ ಗಾಡಿ ಎಷ್ಟು ದೂರ ಐತಿ, ಎಷ್ಟು ಜೋರು ಹೊಂಟೈತಿ ಅಂತ ಲೆಕ್ಕ ಹಾಕತಾವ, ನೀವು ಬ್ರೇಕ್ ಹೊಡೀಲಿಲ್ಲ ಅಂದ್ರ ಅದ ಹೊಡೀತೈತಿ. ಸ್ಪೀಡ್ ತಾನ ಹಿಡಿಯೋ ಕ್ರೂಸ್ ಕಂಟ್ರೋಲ್ ಇದರ ಹಿರಿ ಅಣ್ಣ. ಅದನ್ನ ಕಂಡು ಹಿಡದವರು ರಾಲ್ಫ್ ಟೀಟರ್, ಸಣ್ಣಂದಿದ್ದಾಗ ಕಣ್ಣು ಕಳಕೊಂಡ ಇಂಜಿನಿಯರ್. ಬಾಜೂಕ ಕುಂತಾಗ ಗಾಡಿ ಹೊಡಿಯೋರು ಮಾತಾಡಿಕೊಂತ ಒಮ್ಮೆ ಜೋರು ಒಮ್ಮೆ ಸಾವಕಾಶ ಹೊಡಿಯೋದು ಅವರಿಗೆ ಮೈಗೆ ತಿಳೀತಿತ್ತು, ಅದರಿಂದ ಬಂದ ವಿಚಾರ. 1958ರ ಕ್ರೈಸ್ಲರ್ ಇಂಪೀರಿಯಲ್ ಕಾರಿನ್ಯಾಗ ಅದು ಮಾರಾಟಕ್ಕ ಬಂತು.

ನಮ್ಮ ಭಾವ ಎಡಾಸ್ ಇರೋ ಗಾಡಿ ತಗೊಂಡು ಹಾವೇರಿ ಹಾದಿಗೆ ನನ್ನ ಕಡೆ ಕೊಟ್ಟಿದ್ರು. ಹೈವೇ ಮ್ಯಾಲ ಬಿಳಿ ಗೆರಿ ಛಂದ ಇದ್ದಲ್ಲಿ ಲೇನ್ ಅಸಿಸ್ಟ್ ಸ್ಟೇರಿಂಗನ್ನ ಮೆಲ್ಲಕ ತಿದ್ದತೈತಿ, ಕೈಗೆ ಗೊತ್ತಾಗತೈತಿ, ಭಾಳ ಹಿತ ಅನಸತೈತಿ. ಹೈವೇ ಬಿಟ್ಟು ಊರ ಹಾದಿಗೆ ಇಳದ್ವಿ, ಅಲ್ಲಿ ಗೋವಿನಜೋಳದ ಸುಗ್ಗಿ ನಡದಿತ್ತು. ರೋಡಿನ ಅರ್ಧಕ್ಕ ಹಳದೀ ಕಾಳು ಹರವಿ, ಅಂಚಿಗೆ ಕಲ್ಲು ಸಾಲಾಗಿ ಇಟ್ಟಿದ್ರು, ಅಲ್ಲೊಬ್ಬ ಅಜ್ಜಿ ಕಾಲಿಲೆ ಕಾಳು ಕೆದರಿಕೊಂತ ಹೊಂಟಿದ್ಲು. ಗೆರಿ ಕಾಳಿನ ಕೆಳಗ ಮುಚ್ಚಿ ಹೋಗಿದ್ರ ಲೇನ್ ಅಸಿಸ್ಟ್‌ಗೆ ಏನು ಗೊತ್ತಾಗಬೇಕು, ಮತ್ತ ಒಂದ ಕಡೆ ಗೆರಿ ಅರ್ಧ ಕಂಡು ನಾವು ಕಾಳು ತಪ್ಪಸಾಕ ಈ ಕಡೆ ಎಳದ್ರ ಅದು ಆ ಕಡೆ ಎಳೀತೈತಿ. ಪ್ರಾಣಿಗಳನ್ನ ಗುರ್ತು ಹಿಡೀಲಿಕ್ಕಿಲ್ಲ ಅಂತ ಇಂಥಾ ಮ್ಯಾನುವಲ್‌ಗಳಾಗ ಬರದಿರತೈತಿ, ಅಂದ್ರ ಮುಂದ ಎಮ್ಮಿ ಬಂದ್ರ ನಮ್ಮ ಕಾಲ ಬ್ರೇಕಿಗೆ ಹೋಗಬೇಕು. ಮಳಿಗಾಲದಾಗ ರೇಡಾರ್ ಮುಂದ ಕೆಸರು ಮೆತ್ತಿದ್ರ ಸೆನ್ಸರ್ ಮುಚ್ಚೈತಿ ಅಂತ ಸ್ಕ್ರೀನ್ ಮ್ಯಾಲ ಬರತೈತಿ, ಹಸಿ ಅರಬಿಲೆ ಒರಸಿದ್ರ ಸಾಕು, ಅದಕ್ಕ ಸರ್ವಿಸ್ ಸೆಂಟರ್‌ಗೆ ಓಡೋದು ಬ್ಯಾಡ.

ಅದಕ್ಕ ಭಾವಾರಿಗೆ ಎರಡು ಬಟನ್ ತೋರಿಸಿ ಕೊಟ್ಟೀನಿ. ಊರ ಹಾದಿ ಹಿಡದ ಕೂಡ್ಲೆ ಲೇನ್ ಅಸಿಸ್ಟ್ ಬಂದ್, ತಾನ ಬ್ರೇಕ್ ಹೊಡಿಯೋದನ್ನ ಮಾತ್ರ ಯಾವತ್ತೂ ಬಂದ್ ಮಾಡೂದಿಲ್ಲ. ಈಗ ಅಕ್ಕನೂ ಅದನ್ನ ಕಲ್ತಾಳ.